ಸೈಕಲ್ಲಿನಿಂದ ಸಿಯಾಚಿನ್‌ವರೆಗೆ: ಫ್ಯಾನಿ ಬುಲಕ್ ವರ್ಕ್‌ಮನ್

ಸಿವಿಲ್‌ನವರಿಗೆ ಸೆಕೆಂಡ್ ಇಯರ್‌ನಲ್ಲಿ ಸರ್ವೇಯಿಂಗ್ ಲ್ಯಾಬ್ ಇರುತ್ತೆ. ಬಿಸಿಲಲ್ಲಿ ಥಿಯೋಡೋಲೈಟ್ ಹೊತ್ತುಕೊಂಡು ಹೋಗಿ ಕ್ಯಾಂಟೀನ್ ಹಿಂದಿನ ನೀರಿನ ಟ್ಯಾಂಕ್ ಎಷ್ಟು ಎತ್ತರ ಇದೆ ಅಂತ ಕಂಡುಹಿಡಿಯೋದು. ನಮ್ಮ ಬ್ಯಾಚಿಗೆ ಬಂದ ಉತ್ತರಕ್ಕೂ ಪಕ್ಕದ ಬ್ಯಾಚಿನ ಉತ್ತರಕ್ಕೂ ಎರಡೂವರೆ ಮೀಟರ್ ವ್ಯತ್ಯಾಸ ಬಂತು. ಯಾರದ್ದು ಸರಿ ಅಂತ ಅರ್ಧ ಗಂಟೆ ಜಗಳ. ಆ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಹಿಂದಿನ ಕಾಲದವರು ಬೆಟ್ಟದ ಎತ್ತರ ಹೇಗೆ ಅಳೆಯುತ್ತಿದ್ದರು ಅಂತ ಹುಡುಕುತ್ತಿದ್ದಾಗ ನಮ್ಮದಕ್ಕಿಂತ ತುಂಬಾ ದೊಡ್ಡ ಜಗಳ ಒಂದು ಸಿಕ್ಕಿತು. 1909ರಲ್ಲಿ ಒಬ್ಬ ಅಮೆರಿಕನ್ ಮಹಿಳೆ, ಇನ್ನೊಬ್ಬ ಅಮೆರಿಕನ್ ಮಹಿಳೆ ಹತ್ತಿದ ಪರ್ವತ ಅವಳು ಹೇಳಿದಷ್ಟು ಎತ್ತರ ಇಲ್ಲ ಅಂತ ತೋರಿಸೋಕೆ, ತನ್ನ ಸ್ವಂತ ದುಡ್ಡಿನಲ್ಲಿ ಫ್ರಾನ್ಸಿನ ಸರ್ವೇಯರ್‌ಗಳನ್ನು ಪೆರು ದೇಶಕ್ಕೆ ಕಳಿಸಿದ್ದಳಂತೆ! ಟ್ಯಾಂಕಿನ ಮುಂದೆ ಜಗಳ ಆಡಿದ ನಮಗೆ ಇವರು ಗುರು ಅನಿಸಿತು.

ಅವರ ಹೆಸರು ಫ್ಯಾನಿ ಬುಲಕ್ ವರ್ಕ್‌ಮನ್. ಗಂಡ ವಿಲಿಯಂ ಹಂಟರ್ ವರ್ಕ್‌ಮನ್, ವೃತ್ತಿಯಿಂದ ಡಾಕ್ಟರ್. ಗಂಡ ಹೆಂಡತಿ ಸೇರಿ ಊರೂರು, ದೇಶದೇಶ ಸುತ್ತಿ, ದಿನದಿನದ ಟಿಪ್ಪಣಿ ಬರೆದಿಟ್ಟುಕೊಂಡು, ಅದರಿಂದ ಎಂಟು ಪ್ರವಾಸ ಪುಸ್ತಕ ಮಾಡಿದರು. ಎಂಟಕ್ಕೂ ಇಬ್ಬರ ಹೆಸರೂ ಇದೆ. ಪರ್ವತಾರೋಹಣದ ಇತಿಹಾಸ ಓದುವವರಿಗೆಲ್ಲ ಈ ಹೆಸರು ಗೊತ್ತು. ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಆದರೆ ಅವರ ಜೀವನದ ಮುಖ್ಯ ಭಾಗ ನಡೆದದ್ದು ನಮ್ಮ ದೇಶದ ರಸ್ತೆಗಳಲ್ಲಿ ಮತ್ತು ಹಿಮಾಲಯ, ಕಾರಕೋರಂ ಪರ್ವತಗಳಲ್ಲಿ.

ಫ್ಯಾನಿ ಹುಟ್ಟಿದ್ದು 1859ರ ಜನವರಿ 8ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಊರಿನಲ್ಲಿ. ದುಡ್ಡಿಗೆ ಏನೂ ಕಡಿಮೆ ಇರಲಿಲ್ಲ. ಅಪ್ಪ ಅಲೆಕ್ಸಾಂಡರ್ ಬುಲಕ್ 1866ರಿಂದ 1869ರವರೆಗೆ ಆ ರಾಜ್ಯದ ಗವರ್ನರ್ ಆಗಿದ್ದವರು. ತಾಯಿಯ ಕಡೆಯವರದ್ದು ಗನ್‌ಪೌಡರ್ ತಯಾರಿಸುವ ಉದ್ಯಮ. ಮನೆಯಲ್ಲೇ ಪಾಠ, ಆಮೇಲೆ ನ್ಯೂಯಾರ್ಕ್‌ನಲ್ಲಿ ಶ್ರೀಮಂತ ಮನೆಯ ಹುಡುಗಿಯರ ಸ್ಕೂಲು, ಆಮೇಲೆ ಪ್ಯಾರಿಸ್ ಮತ್ತು ಡ್ರೆಸ್ಡನ್. ಅಂಥ ಸ್ಕೂಲುಗಳಲ್ಲಿ ಕಲಿಸುತ್ತಿದ್ದದ್ದು ಒಳ್ಳೆಯ ಕಡೆ ಮದುವೆಯಾಗಿ ಮನೆಗೆ ಬಂದವರ ಹತ್ತಿರ ಚೆನ್ನಾಗಿ ಮಾತಾಡೋದು ಹೇಗೆ ಅಂತ. ಫ್ಯಾನಿ ಅಲ್ಲಿಂದ ಫ್ರೆಂಚ್, ಜರ್ಮನ್ ಭಾಷೆ ತಗೊಂಡು ಬಂದರು, ಉಳಿದದ್ದನ್ನು ಅಲ್ಲೇ ಬಿಟ್ಟು ಬಂದರು ಅಂತ ಕಾಣುತ್ತೆ.

ವಿಲಿಯಂ ಅವರಿಗಿಂತ ಹನ್ನೆರಡು ವರ್ಷ ದೊಡ್ಡವರು. ಯೇಲ್, ಹಾರ್ವರ್ಡ್‌ಗಳಲ್ಲಿ ಓದಿ ವೂಸ್ಟರ್‌ನಲ್ಲೇ ಪ್ರಾಕ್ಟೀಸ್ ಮಾಡುತ್ತಿದ್ದರು. ಮದುವೆ ಆದ ಮೇಲೆ ಹೆಂಡತಿಗೆ ಬೆಟ್ಟ ಹತ್ತುವ ರುಚಿ ಹತ್ತಿಸಿದವರು ಅವರೇ. ಬೇಸಿಗೆಯಲ್ಲಿ ಇಬ್ಬರೂ ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್‌ಗೆ ಹೋಗಿ ಬರುತ್ತಿದ್ದರು. ಅಲ್ಲಿನ ಮೌಂಟ್ ವಾಷಿಂಗ್ಟನ್ ಅನ್ನು ಫ್ಯಾನಿ ಎಷ್ಟೋ ಸಲ ಹತ್ತಿದರು. ಅದರ ಎತ್ತರ 1,917 ಮೀಟರ್, ಹೆಚ್ಚೂಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟೇ. ಹೋದ ವರ್ಷ ನಾವೆಲ್ಲ ಹತ್ತಿ ಏದುಸಿರು ಬಿಟ್ಟೆವಲ್ಲ, ಅಷ್ಟೇ. ಆಗ ಯುರೋಪಿನಲ್ಲಿ ಬೆಟ್ಟ ಹತ್ತುವ ಕ್ಲಬ್‌ಗಳು ಹೆಂಗಸರನ್ನು ಸಾಮಾನ್ಯವಾಗಿ ಹತ್ತಿರ ಸೇರಿಸುತ್ತಿರಲಿಲ್ಲ. ಅಮೆರಿಕದಲ್ಲಿ ಅಷ್ಟು ಬಿಗಿ ಇರಲಿಲ್ಲ. ಅದು ಫ್ಯಾನಿಗೆ ಸಿಕ್ಕ ಅದೃಷ್ಟ.

1884ರಲ್ಲಿ ಮಗಳು ರೇಚೆಲ್ ಹುಟ್ಟಿದಳು. ಇಬ್ಬರ ಅಪ್ಪಂದಿರಿಂದಲೂ ದೊಡ್ಡ ಆಸ್ತಿ ಕೈಗೆ ಬಂತು. ವಿಲಿಯಂ ಆರೋಗ್ಯ ಸರಿಯಿಲ್ಲ ಅಂತ ಹೇಳಿ ಪ್ರಾಕ್ಟೀಸ್ ನಿಲ್ಲಿಸಿದರು. 1889ರಲ್ಲಿ ಕುಟುಂಬ ಜರ್ಮನಿಗೆ ಹೋಗಿ ನೆಲೆಸಿತು. ಆ ಆರೋಗ್ಯ ಸರಿಯಿಲ್ಲದ ಮನುಷ್ಯ ಆಮೇಲೆ ಅರವತ್ತು ದಾಟಿದ ವಯಸ್ಸಿನಲ್ಲೂ ಕಾರಕೋರಂ ಹಿಮನದಿಗಳ ಮೇಲೆ ನಡೆದು, ತೊಂಬತ್ತರ ಆಸುಪಾಸಿನವರೆಗೆ ಬದುಕಿದರು. ಯಾರಿಗೆ ಏನು ಔಷಧಿ ಅಂತ ಹೇಳೋದು ಕಷ್ಟ!

ಜರ್ಮನಿಯಲ್ಲಿ ಮಗ ಹುಟ್ಟಿದ. ಸೀಗ್‌ಫ್ರೀಡ್ ಅಂತ ಹೆಸರಿಟ್ಟರು. 1893ರಲ್ಲಿ ಇನ್‌ಫ್ಲುಯೆಂಜಾ ಬಂದು, ಅದು ನ್ಯುಮೋನಿಯಾಕ್ಕೆ ತಿರುಗಿ ಆ ಮಗು ತೀರಿಹೋಯಿತು. ನಾಲ್ಕು ವರ್ಷದ ಹುಡುಗ. ಮನೆಯಲ್ಲಿ ನರ್ಸ್‌ಗಳಿದ್ದರು, ಅಪ್ಪನೇ ಡಾಕ್ಟರ್, ದುಡ್ಡು ಬೇಕಾದಷ್ಟಿತ್ತು. ಆಂಟಿಬಯಾಟಿಕ್ ಇನ್ನೂ ಬಂದಿರಲಿಲ್ಲ.

ಅದಾದ ಮೇಲೆ ಈ ಇಬ್ಬರ ಜೀವನದಲ್ಲಿ ಮನೆ ಅನ್ನುವುದು ಕಡಿಮೆ ಆಗುತ್ತಾ ಹೋಯಿತು. ಮಗಳನ್ನು ಬೋರ್ಡಿಂಗ್ ಸ್ಕೂಲಿಗೆ ಹಾಕಿದರು. ಇಬ್ಬರೂ ಸೈಕಲ್ ಹತ್ತಿದರು.

ಸೈಕಲ್ ಅಂದ್ರೆ ಆಗ ಹೊಸ ಟೆಕ್ನಾಲಜಿ. ಮುಂದಿನ ಚಕ್ರ ಆಳೆತ್ತರ, ಹಿಂದಿನದ್ದು ಪುಟ್ಟದು ಇರುವ ಹಳೇ ಸೈಕಲ್ಲಿನ ಫೋಟೋ ನೋಡಿರ್ತೀರಿ. ಅದರ ಮೇಲಿಂದ ಬಿದ್ದರೆ ತಲೆ ಒಡೆಯೋದೇ. 1885ರಲ್ಲಿ ಇಂಗ್ಲೆಂಡಿನ ರೋವರ್ ಸೈಕಲ್ ಬಂತು. ಎರಡೂ ಚಕ್ರ ಹತ್ತಿರಹತ್ತಿರ ಒಂದೇ ಸೈಜು, ಪೆಡಲ್‌ನಿಂದ ಹಿಂದಿನ ಚಕ್ರಕ್ಕೆ ಚೈನು. ಇವತ್ತು ನಾವು ಓಡಿಸುವ ಸೈಕಲ್ಲಿನ ಅಜ್ಜ ಅದು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟೈರಿಗೆ ಪೇಟೆಂಟ್ ತಗೊಂಡರು. ಈ ಎರಡು ಬದಲಾವಣೆಯಿಂದ ಹೆಂಗಸರೂ ಸೈಕಲ್ ಹತ್ತುವ ಹಾಗಾಯಿತು, ಮತ್ತು ದೂರ ಹೋಗುವ ಹಾಗಾಯಿತು. ಫ್ಯಾನಿ ಉದ್ದ ಸ್ಕರ್ಟ್ ಹಾಕಿಕೊಂಡೇ, ಹ್ಯಾಂಡಲ್ಲಿಗೆ ಟೀ ಕೆಟಲ್ ಕಟ್ಟಿಕೊಂಡು ಹೊರಟರು. ನಾಯಿಗಳನ್ನು ಓಡಿಸೋಕೆ ಚಾಟಿ, ಕಳ್ಳರಿಗೆ ಹೆದರಿಸೋಕೆ ರಿವಾಲ್ವರ್ ಕೂಡ ಇತ್ತು.

ಮೊದಲು ಯುರೋಪಿನ ದೇಶಗಳು, ಆಮೇಲೆ ಅಲ್ಜೀರಿಯಾ. ಅದರ ಪುಸ್ತಕ 1895ರಲ್ಲಿ ಬಂತು. ಆಮೇಲೆ ಸ್ಪೇನ್. ಅಲ್ಲಿ ಸುಮಾರು 4,500 ಕಿ.ಮೀ. ತುಳಿದರು, ದಿನಕ್ಕೆ ಸರಾಸರಿ 70 ಕಿ.ಮೀ., ಕೆಲವು ದಿನ 130ರವರೆಗೆ. ಸ್ಪೇನ್ ಪುಸ್ತಕ 1897ರಲ್ಲಿ ಬಂತು. ಹಗಲು ಸೈಕಲ್ಲು, ನೋಡಿದ ಚರ್ಚು, ಕೋಟೆ, ಸಂತೆ, ಅಲ್ಲಿನ ಹೆಂಗಸರ ಕಷ್ಟ ಎಲ್ಲ ಟಿಪ್ಪಣಿ. ಅಲ್ಜೀರಿಯಾದಲ್ಲಿ ಹೆಂಗಸರನ್ನು ನಡೆಸಿಕೊಳ್ಳುವ ರೀತಿ ನೋಡಿ ಫ್ಯಾನಿ ಸಿಟ್ಟಿನಿಂದ ಬರೆದಿದ್ದಾರೆ.

1897ರ ಕೊನೆಯಲ್ಲಿ ಇಬ್ಬರೂ ನಮ್ಮ ಕಡೆಗೆ ಬಂದರು. ಸಿಲೋನ್, ಭಾರತ, ಬರ್ಮಾ, ಜಾವಾ ಎಲ್ಲ ಸೇರಿ 1900ರವರೆಗೆ ಓಡಾಡಿದರು. ಭಾರತದ ದಕ್ಷಿಣದ ತುದಿಯಿಂದ ಹಿಡಿದು ಹಿಮಾಲಯದವರೆಗೆ ಸೈಕಲ್ಲಲ್ಲೇ ಹೋದರು. ಈ ಪ್ರವಾಸದ ಪುಸ್ತಕ 1904ರಲ್ಲಿ ಬಂತು. ಅದರ ಹೆಸರಿನಲ್ಲೇ ಹದಿನಾಲ್ಕು ಸಾವಿರ ಮೈಲಿ ಅಂತ ಲೆಕ್ಕ ಕೊಟ್ಟಿದ್ದಾರೆ. ಅಂದ್ರೆ ಸುಮಾರು 22,500 ಕಿ.ಮೀ. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ರಸ್ತೆಯಲ್ಲಿ ಆರು ಸಲ ಹೋದ ಹಾಗೆ.

ಪ್ಲಾನ್ ಏನಿತ್ತು ಅಂದ್ರೆ, ರೈಲು ಹಳಿಗೆ ಹತ್ತಿರ ಇರುವ ರಸ್ತೆಗಳನ್ನು ಹಿಡಿಯೋದು, ಊಟ ತಿಂಡಿ ಸಾಮಾನು ಸ್ಟೇಷನ್ನಿನಲ್ಲಿ ಸಿಗುತ್ತೆ ಅಂತ. ಕಾಗದದ ಮೇಲೆ ಚೆನ್ನಾಗಿತ್ತು. ನಿಜದಲ್ಲಿ ಕೆಲವೊಮ್ಮೆ ಹದಿನಾಲ್ಕು ಗಂಟೆ ಹೊಟ್ಟೆಗೆ ಏನೂ ಇಲ್ಲ. ಒಂದೊಂದು ದಿನ ನಲವತ್ತರವರೆಗೆ ಪಂಕ್ಚರ್! ಸೇತುವೆ ಇಲ್ಲದ ಕಡೆ ಸೈಕಲ್ ಎತ್ತಿಕೊಂಡು ಹೊಳೆ ದಾಟಬೇಕು. ಮಲಗೋಕೆ ಜಾಗ ಸಿಗದಿದ್ದರೆ ರೈಲ್ವೆ ವೇಟಿಂಗ್ ರೂಮು. ನಮ್ಮಲ್ಲಿ ಒಬ್ಬನ ಬೈಕ್ ಪಂಕ್ಚರ್ ಆದರೆ ಆ ದಿನದ ಎಲ್ಲ ಕ್ಲಾಸೂ ಕ್ಯಾನ್ಸಲ್.

ಅವರು ನೋಡೋಕೆ ಬಂದಿದ್ದು ಮುಖ್ಯವಾಗಿ ಹಳೇ ದೇವಸ್ಥಾನ, ಗುಹೆ, ಶಿಲ್ಪ. ಬರುವ ಮೊದಲೇ ರಾಮಾಯಣ, ಮಹಾಭಾರತ, ಜಾತಕ ಕಥೆಗಳನ್ನೆಲ್ಲ ಅನುವಾದದಲ್ಲಿ ಓದಿಕೊಂಡಿದ್ದರು. ಹಾಗಾಗಿ ಕಂಬದ ಮೇಲಿನ ಕೆತ್ತನೆ ಯಾವ ಕಥೆಯದ್ದು ಅಂತ ಗುರುತು ಹಿಡಿಯುವಷ್ಟು ತಿಳಿವಳಿಕೆ ಇತ್ತು. ಇದನ್ನು ಓದಿ ನನಗೆ ಸ್ವಲ್ಪ ನಾಚಿಕೆ ಆಯ್ತು. ನಾನು ಹಳೇಬೀಡಿಗೆ ಎರಡು ಸಲ ಹೋಗಿದ್ದೀನಿ. ಗೋಡೆ ಮೇಲೆ ಯಾವ ಕಥೆ ಇದೆ ಅಂತ ಕೇಳಿದ್ರೆ ಆನೆ ಸಾಲಿದೆ ಅಂತ ಮಾತ್ರ ಹೇಳೋಕೆ ಆಗೋದು.

ಇನ್ನೊಂದು ವಿಷಯ ಗಮನಿಸಬೇಕು. ಹಳೇ ಕಟ್ಟಡ ಕಟ್ಟಿದವರ ಬಗ್ಗೆ ಇವರಿಗಿದ್ದ ಗೌರವ, ಎದುರಿಗೆ ಇರುವ ಜೀವಂತ ಭಾರತೀಯರ ಬಗ್ಗೆ ಅಷ್ಟಾಗಿ ಇರಲಿಲ್ಲ. ಅವರು ಬಂದ ಸಮಯ ನೋಡಿ. 1896ರಲ್ಲಿ ಬಾಂಬೆಗೆ ಪ್ಲೇಗ್ ಬಂದು ಹರಡುತ್ತಾ ಇತ್ತು. 1896–97ರಲ್ಲಿ ಒಂದು ದೊಡ್ಡ ಬರ, 1899–1900ರಲ್ಲಿ ಇನ್ನೊಂದು. ಅಂಥ ದೇಶದ ಮಧ್ಯೆ ಸೈಕಲ್ ತುಳಿಯುತ್ತಾ ಕೂಲಿಯವರು ಹೇಳಿದ ಮಾತು ಕೇಳಲ್ಲ, ಸೋಮಾರಿಗಳು ಅಂತ ದೂರುವುದು ಅವರ ಬರವಣಿಗೆಯಲ್ಲಿ ಮತ್ತೆಮತ್ತೆ ಬರುತ್ತೆ. ಅದು ಆಗಿನ ಎಷ್ಟೋ ಬಿಳಿಯರ ಧೋರಣೆ, ಸರಿ. ಆದರೆ ಅದೇ ಕಾಲದಲ್ಲಿ ಬೇರೆ ಥರ ನಡೆದುಕೊಂಡ ಪರ್ವತಾರೋಹಿಗಳೂ ಇದ್ದರು.

1898ರಲ್ಲಿ ಬಯಲಿನ ಬಿಸಿಲಿಂದ ತಪ್ಪಿಸಿಕೊಳ್ಳೋಕೆ ಅಂತ ಹಿಮಾಲಯಕ್ಕೆ ಹೋದವರು ಅಲ್ಲೇ ಮನಸ್ಸು ಕಳೆದುಕೊಂಡರು. ಆ ವರ್ಷ ಸಿಕ್ಕಿಂ ಕಡೆಯಿಂದ ಕಾಂಚನಜುಂಗಾದ ಹತ್ತಿರದವರೆಗೆ ಹೋಗಬೇಕು ಅಂತ ಹೊರಟರು. ಚಳಿಗಾಲ ಹತ್ತಿರ ಬಂದಿತ್ತು. ಹೊರೆ ಹೊರುವವರಿಗೆ ಆ ಬೆಟ್ಟದ ಹವಾಮಾನ ಚೆನ್ನಾಗಿ ಗೊತ್ತು, ಅವರು ಈ ವೇಗದಲ್ಲಿ ಬರಲ್ಲ ಅಂದರು. ಸ್ವಲ್ಪ ದಿನದಲ್ಲೇ ಎಲ್ಲರೂ ವಾಪಸ್. ಮುಂದೆ ಕಾರಕೋರಂನಲ್ಲೂ ಇದೇ ಕಥೆ ನಡೀತಾ ಹೋಯಿತು. ಮುಷ್ಕರ, ಜಗಳ, ರಾತ್ರೋರಾತ್ರಿ ಹೊರೆ ಇಟ್ಟು ಹೋಗೋದು. ಪುಸ್ತಕಗಳಲ್ಲಿ ಇದನ್ನೆಲ್ಲ ಅವರ ತಪ್ಪು ಅಂತಲೇ ಬರೆದಿದೆ.

ಆದರೆ ಬಾಲ್ಟಿಸ್ತಾನದ ಆ ಜನರ ಕಡೆಯಿಂದ ಯೋಚನೆ ಮಾಡಿ. ಅವರು ವೃತ್ತಿಯಿಂದ ಹೊರೆ ಹೊರುವವರಲ್ಲ, ರೈತರು. ಅಲ್ಲಿ ಬೆಳೆ ಬೆಳೆಯೋಕೆ ಸಿಗೋದು ಚಿಕ್ಕ ಬೇಸಿಗೆ. ಇವರು ಬರೋದೂ ಸರಿಯಾಗಿ ಅದೇ ಬೇಸಿಗೆಯಲ್ಲಿ. ಕಾಶ್ಮೀರ ಸಂಸ್ಥಾನದಲ್ಲಿ ಆಗ ಬೇಗಾರ್ ಅಂದ್ರೆ ಬಿಟ್ಟಿ ಕೆಲಸಕ್ಕೆ ಹಿಡಿದುಕೊಂಡು ಹೋಗುವ ಪದ್ಧತಿ ಇತ್ತು. ಹೊರೆ ಹೊರು ಅಂತ ಅಧಿಕಾರಿಯ ಕಡೆಯಿಂದ ಬರುವ ಮಾತಿನ ನೆನಪು ಅವರಿಗೆ ಒಳ್ಳೆಯದಾಗಿ ಇರಲಿಲ್ಲ. ಮೇಲೆ ಹಿಮದ ಮೇಲೆ ನಡೆಯೋಕೆ ಸಾಹೇಬರ ಹತ್ತಿರ ಇದ್ದಂಥ ಬೂಟು, ಬಟ್ಟೆ ಅವರಿಗೆಲ್ಲಿ? ಯಾವನೋ ಅಮೆರಿಕನ್ ದಂಪತಿಗೆ ರೆಕಾರ್ಡ್ ಸಿಗಲಿ ಅಂತ ಬೆರಳು ಕಳೆದುಕೊಳ್ಳೋಕೆ ನಾನಾಗಿದ್ದರೂ ಹೋಗ್ತಿರಲಿಲ್ಲ.

ಹೀಗೆ ಬರೆದ ಮೇಲೂ ಫ್ಯಾನಿ ಮಾಡಿದ ಸಾಧನೆ ಸಣ್ಣದಾಗಲ್ಲ. 1899ರಲ್ಲಿ ಸ್ವಿಸ್ ಗೈಡ್ ಮಥಿಯಾಸ್ ಝುರ್‌ಬ್ರಿಗೆನ್ ಜೊತೆ ಕಾರಕೋರಂಗೆ ಹೋಗಿ, ಬಿಯಾಫೋ ಹಿಮನದಿಯಲ್ಲಿ ಅಲೆದು, ಆ ಒಂದೇ ಋತುವಿನಲ್ಲಿ ಮೂರು ಶಿಖರ ಹತ್ತಿದರು. ಕೊನೆಯ ಕೋಸರ್ ಗುಂಗೆ ಸುಮಾರು 6,400 ಮೀಟರ್. ಆಗಿನ ಮಟ್ಟಿಗೆ ಮಹಿಳೆಯರಲ್ಲಿ ಅದೇ ಅತಿ ಎತ್ತರ. ಮೂರರಲ್ಲಿ ಮೊದಲು ಹತ್ತಿದ, ಎಲ್ಲಕ್ಕಿಂತ ಚಿಕ್ಕ ಶಿಖರಕ್ಕೆ ಅವರು ಇಟ್ಟ ಹೆಸರು ಸೀಗ್‌ಫ್ರೀಡ್‌ಹಾರ್ನ್. ನಾಲ್ಕು ವರ್ಷಕ್ಕೇ ಹೋದ ಮಗನ ಹೆಸರು ಹೇಗೆ ಇಷ್ಟು ದೂರ ಬಂತು ಅಂತ ಆ ಜಾಗದಲ್ಲಿ ನಾನು ಓದೋದು ನಿಲ್ಲಿಸಿದೆ. ಎಂಟು ಪುಸ್ತಕಗಳಲ್ಲಿ ದಾರಿ, ಹವೆ, ಎತ್ತರ, ಕೂಲಿ ಲೆಕ್ಕ ಎಲ್ಲ ಇದೆ, ಮನೆಯ ದುಃಖ ಮಾತ್ರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದನ್ನು ಬೆಟ್ಟಕ್ಕೆ ಹೆಸರಿಟ್ಟು ಹೇಳಿದರೇನೋ.

1902 ಮತ್ತು 1903ರಲ್ಲಿ ಚೊಗೋ ಲುಂಗ್ಮಾ ಹಿಮನದಿ. 1905ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಉಪನ್ಯಾಸ. ಅಲ್ಲಿ ಮಾತಾಡಿದ ಎರಡನೇ ಮಹಿಳೆ ಅವರು. ಮೊದಲನೆಯವರು 1897ರಲ್ಲಿ ಮಾತಾಡಿದ ಇಸಾಬೆಲ್ಲಾ ಬರ್ಡ್. ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ ಉಪನ್ಯಾಸ ಕೊಟ್ಟ ಮೊದಲ ಅಮೆರಿಕನ್ ಮಹಿಳೆ ಕೂಡ ಇವರೇ.

1906ರಲ್ಲಿ ಲಡಾಖ್ ಕಡೆಯ ನುನ್ ಕುನ್ ಪರ್ವತ ಗುಂಪು. ಫ್ಯಾನಿಗೆ ಆಗ 47 ವರ್ಷ. ಆಕ್ಸಿಜನ್ ಸಿಲಿಂಡರ್ ಇಲ್ಲ, ನೈಲಾನ್ ಹಗ್ಗ ಇಲ್ಲ, ಡೌನ್ ಜಾಕೆಟ್ ಇಲ್ಲ. ಉಣ್ಣೆ ಸ್ಕರ್ಟು, ಮೊಳೆ ಹೊಡೆದ ಬೂಟು. ಮೇಲಿನ ಕ್ಯಾಂಪುಗಳಲ್ಲಿ ಉಸಿರು ಸಿಗದೆ ನಿದ್ದೆಯೇ ಬರುತ್ತಿರಲಿಲ್ಲ. ಅಲ್ಲಿಂದ ಇಟಲಿಯ ಗೈಡ್ ಸಿಪ್ರಿಯನ್ ಸವೋಯ್ ಜೊತೆ ಪಿನಾಕಲ್ ಪೀಕ್‌ನ ತುದಿ ಮುಟ್ಟಿದರು. ಈಗಿನ ಲೆಕ್ಕದಲ್ಲಿ ಅದು ಸುಮಾರು 6,930 ಮೀಟರ್. ಮುಳ್ಳಯ್ಯನಗಿರಿಯ ತುದಿಯಲ್ಲಿ ನಿಂತು, ಅದರ ಮೇಲೆ ಇನ್ನೂ ಐದು ಕಿಲೋಮೀಟರ್ ನೇರವಾಗಿ ಮೇಲಕ್ಕೆ ಅಂತ ಅಂದುಕೊಳ್ಳಿ. ಈ ಮಹಿಳಾ ರೆಕಾರ್ಡ್ 1934ರವರೆಗೆ ಉಳಿಯಿತು. ಇಪ್ಪತ್ತೆಂಟು ವರ್ಷ.

ಈಗ ಮೊದಲು ಹೇಳಿದ ಜಗಳಕ್ಕೆ ಬರೋಣ. 1908ರಲ್ಲಿ ಆನಿ ಪೆಕ್ ಎಂಬ ಇನ್ನೊಬ್ಬ ಅಮೆರಿಕನ್ ಮಹಿಳೆ, ಐವತ್ತೇಳರ ವಯಸ್ಸಿನಲ್ಲಿ, ಪೆರುವಿನ ವಾಸ್ಕರಾನ್ ಪರ್ವತದ ಉತ್ತರ ಶಿಖರ ಹತ್ತಿದರು. ಆಗ ಎತ್ತರ ತಿಳಿಯೋಕೆ ಬೆಟ್ಟದ ಮೇಲೆ ನೀರು ಕುದಿಸುತ್ತಿದ್ದರು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ ಆಗುತ್ತೆ, ನೀರು ಕುದಿಯುವ ತಾಪಮಾನವೂ ಇಳಿಯುತ್ತೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ. ಪಿನಾಕಲ್ ಪೀಕ್‌ನ ಮೇಲೆ ನೀರು 77 ಡಿಗ್ರಿಯ ಹತ್ತಿರವೇ ಕುದಿಯುತ್ತೆ. ವಾಸ್ಕರಾನ್ ತುದಿಯಲ್ಲಿ ಗಾಳಿ ಎಷ್ಟು ಜೋರಿತ್ತು ಅಂದ್ರೆ ಪೆಕ್‌ಗೆ ಈ ಉಪಕರಣ ಹೊತ್ತಿಸೋಕೇ ಆಗಲಿಲ್ಲ. ಅಂದಾಜಿನ ಮೇಲೆ 24 ಸಾವಿರ ಅಡಿ ಇರಬಹುದು ಅಂತ ಹೇಳಿದರು. ಹಾಗಿದ್ದರೆ ಫ್ಯಾನಿಯ ರೆಕಾರ್ಡ್ ಮುರಿದ ಹಾಗೆ.

ಫ್ಯಾನಿ ಸುಮ್ಮನೆ ಕೂರಲಿಲ್ಲ. ಸುಮಾರು 13 ಸಾವಿರ ಡಾಲರ್ ಖರ್ಚು ಮಾಡಿ ಫ್ರೆಂಚ್ ಸರ್ವೇಯರ್‌ಗಳನ್ನು ಕಳಿಸಿದರು. ಅವರು ನಾವು ಲ್ಯಾಬಲ್ಲಿ ಮಾಡುವ ಅದೇ ಟ್ರಯಾಂಗ್ಯುಲೇಷನ್ ಮಾಡಿ ಉತ್ತರ ಕೊಟ್ಟರು: 21,812 ಅಡಿ, ಅಂದ್ರೆ ಸುಮಾರು 6,650 ಮೀಟರ್. ಇವತ್ತಿನ ನಕ್ಷೆಗಳಲ್ಲಿರುವ ಸಂಖ್ಯೆಯೂ ಹೆಚ್ಚೂಕಡಿಮೆ ಅದೇ. ಸರ್ವೇಯರ್‌ಗಳಿಗೆ ಫುಲ್ ಮಾರ್ಕ್ಸ್. ಫ್ಯಾನಿ ಗೆದ್ದರು. ಆದರೆ ತಮ್ಮ ಪಿನಾಕಲ್ ಪೀಕ್‌ಗೆ ಅವರು ಹೇಳಿದ ಎತ್ತರ 23 ಸಾವಿರ ಅಡಿಗಿಂತ ಹೆಚ್ಚು, ಈಗಿನ ಲೆಕ್ಕಕ್ಕಿಂತ ನೂರೈವತ್ತು ಮೀಟರಿನಷ್ಟು ಜಾಸ್ತಿ. ಕುದಿಯುವ ನೀರಿನಲ್ಲಿ ಅರ್ಧ ಡಿಗ್ರಿ ತಪ್ಪು ಸಾಕು ಇಷ್ಟಕ್ಕೆ. ಇನ್ನೊಬ್ಬರ ತಪ್ಪು ಹಿಡಿಯೋಕೆ ಹಾಕಿದ ಹಣ ತಮ್ಮ ಬೆಟ್ಟಕ್ಕೂ ಹಾಕಬಹುದಿತ್ತು ಅಲ್ವಾ? ಪೆಕ್ ಶ್ರೀಮಂತರಲ್ಲ, ಒಂದೊಂದು ಯಾತ್ರೆಗೂ ಹಣಕ್ಕಾಗಿ ಅಲ್ಲಿ ಇಲ್ಲಿ ಕೇಳಿಕೊಂಡು ಹೋದವರು. ಇಬ್ಬರೂ ಹೆಂಗಸರಿಗೆ ಮತದಾನದ ಹಕ್ಕು ಬೇಕು ಅಂತ ಹೋರಾಡಿದವರೇ. ಅಂಥವರು ಒಟ್ಟಿಗೆ ಹತ್ತಿದ್ದರೆ ಹೇಗಿರುತ್ತಿತ್ತು ಅಂತ ಅನಿಸುತ್ತೆ.

ಕೊನೆಯ ದೊಡ್ಡ ಯಾತ್ರೆ 1911 ಮತ್ತು 1912ರದ್ದು, ಸಿಯಾಚಿನ್‌ಗೆ. ಸಿಯಾಚಿನ್ ಅಂದ್ರೆ ನಮಗೆ ನೆನಪಾಗೋದು ಬೇರೆ. 1984ರಿಂದ ನಮ್ಮ ಸೈನಿಕರು ಅಲ್ಲಿ ಕಾವಲಿದ್ದಾರೆ. 2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕಿದ್ದು, ಆಮೇಲೆ ಉಳಿಯದೇ ಹೋಗಿದ್ದು ನಾವು ಪ್ರೈಮರಿ, ಮಿಡ್ಲ್ ಸ್ಕೂಲಿನಲ್ಲಿದ್ದಾಗ ಟಿವಿಯಲ್ಲಿ ನೋಡಿದ್ದು. ನಮ್ಮ ಸ್ಕೂಲಿನಲ್ಲಿ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಮಾಡಿಸಿದ್ದರು. ಆ ಹಿಮನದಿಯ ಉದ್ದ 70 ಕಿ.ಮೀ.ಗಿಂತ ಜಾಸ್ತಿ. ಅದರ ಪೂರ್ತಿ ಉದ್ದಕ್ಕೂ ಓಡಾಡಿ ನಕ್ಷೆ ಮಾಡಿಸಿದ ಯಾತ್ರೆ ಫ್ಯಾನಿ ಅವರದ್ದು.

ಈ ದಂಪತಿಯಲ್ಲಿ ಒಂದು ಒಪ್ಪಂದ ಇತ್ತು. ಒಂದು ಸಲ ಒಬ್ಬರು ಯಾತ್ರೆಯ ನಾಯಕತ್ವ, ಸಾಮಾನು ಸರಂಜಾಮು ನೋಡಿಕೊಂಡರೆ ಇನ್ನೊಬ್ಬರು ಫೋಟೋ, ಅಳತೆ, ವಿಜ್ಞಾನದ ಕೆಲಸ. ಮುಂದಿನ ಸಲ ಅದಲುಬದಲು. ಆ ಕಾಲದಲ್ಲಿ ಇಂಥ ಗಂಡ ಹೆಂಡತಿ ಎಷ್ಟು ಜನ ಇದ್ದರು? 1912ರ ಯಾತ್ರೆಯ ನಾಯಕಿ ಫ್ಯಾನಿ. ನಕ್ಷೆ ಮಾಡೋಕೆ ಗ್ರಾಂಟ್ ಪೀಟರ್‌ಕಿನ್ ಎಂಬ ಸರ್ವೇಯರ್, ಅವರ ಜೊತೆ ಸರ್ವೆ ಆಫ್ ಇಂಡಿಯಾದ ಸರ್ಜನ್ ಸಿಂಗ್. ಅವರ ಹಿಂದಿನ ನಕ್ಷೆಗಳಲ್ಲಿ ತಪ್ಪುಗಳಿವೆ ಅಂತ ಟೀಕೆ ಬಂದಿತ್ತು. ಈ ಸಲದ್ದು ಗಟ್ಟಿ ಕೆಲಸ.

ಯಾತ್ರೆಯ ಶುರುವಲ್ಲೇ ಒಂದು ಸಾವು ಆಯಿತು. ಇಟಲಿಯಿಂದ ಬಂದಿದ್ದ ಸೆಸಾರೆ ಶೆನೋಜ್ ಎಂಬ ಪೋರ್ಟರ್, ಫ್ಯಾನಿ ಆಗಷ್ಟೇ ದಾಟಿದ್ದ ಜಾಗದಲ್ಲಿ ಹಿಮ ಕುಸಿದು ಆಳದ ಬಿರುಕಿಗೆ ಬಿದ್ದರು. ಮೇಲೆ ಎತ್ತಿದರೂ ಬದುಕಲಿಲ್ಲ. ಒಂದು ಹೆಜ್ಜೆಯ ಅಂತರದಲ್ಲಿ ಫ್ಯಾನಿ ಉಳಿದರು. ಯಾತ್ರೆ ಮುಂದುವರಿಯಿತು. ಸುಮಾರು 21 ಸಾವಿರ ಅಡಿ ಎತ್ತರದ ಹಿಮದ ಬಯಲಿನಲ್ಲಿ ಫ್ಯಾನಿ ಮಹಿಳೆಯರ ಮತದಾನದ ಹಕ್ಕಿನ ಪತ್ರಿಕೆಯೊಂದನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ನಿಂತಿರುವ ಫೋಟೋ ತುಂಬಾ ಫೇಮಸ್. ಆಗ ಬ್ರಿಟನ್ನಿನಲ್ಲಿ ಹೆಂಗಸರಿಗೆ ಪಾರ್ಲಿಮೆಂಟಿನ ಮತ ಇಲ್ಲ, ಅಮೆರಿಕದಲ್ಲಿ ದೇಶವ್ಯಾಪಿ ಹಕ್ಕು ಬಂದದ್ದು 1920ರಲ್ಲಿ.

1917ರಲ್ಲಿ ಬಂದ ಸಿಯಾಚಿನ್ ಪುಸ್ತಕದಲ್ಲಿ ಈ ಯಾತ್ರೆಯನ್ನು ಯೋಜನೆ ಮಾಡಿದ್ದೂ ನಡೆಸಿದ್ದೂ ತಾನೇ ಅಂತ ಫ್ಯಾನಿ ಸ್ಪಷ್ಟವಾಗಿ ಬರೆದರು. ಜಂಬಕ್ಕೆ ಅಲ್ಲ. ಹೆಂಗಸು ಮಾಡಿದ ಕೆಲಸವನ್ನು ಜನ ಅವಳ ಹೆಸರಿಗೆ ಬರೆಯಲ್ಲ, ಗಂಡನ ಹೆಸರಿಗೆ ಬರೆದುಬಿಡ್ತಾರೆ. ಮುಂದೆ ಬರುವ ಹೆಣ್ಣುಮಕ್ಕಳಿಗೆ ಹಾಗಾಗಬಾರದು ಅನ್ನೋದು ಅವರ ಕಾರಣ. ಬರೆದಿಡದಿದ್ದರೆ ಅಳಿಸಿಹೋಗುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಅದೇ ಪುಸ್ತಕಗಳಲ್ಲಿ ಅವರ ಹಾಸಿಗೆ, ಹಿಟ್ಟು, ಸೌದೆ, ಕ್ಯಾಮೆರಾ ಹೊತ್ತ ನೂರಾರು ಬಾಲ್ಟಿ ಜನ ಬಹುಪಾಲು ಕೂಲಿಗಳು ಅನ್ನುವ ಒಂದೇ ಪದದಲ್ಲಿ, ಇಷ್ಟು ಜನ ಅನ್ನುವ ಸಂಖ್ಯೆಯಲ್ಲಿ ಮುಗಿದುಹೋಗಿದ್ದಾರೆ. ಇಟಲಿಯ ಶೆನೋಜ್ ಹೆಸರು ನೂರು ವರ್ಷದ ಮೇಲೂ ನನ್ನಂಥವನಿಗೆ ಸಿಗುತ್ತೆ. ಅವರ ಜೊತೆಗೇ ನಡೆದ ಸ್ಥಳೀಯರ ಹೆಸರು ಹುಡುಕಿದರೆ ಕೈಗೆ ಸಿಗೋದು ಕಷ್ಟ.

1914ರಲ್ಲಿ ಯುದ್ಧ ಶುರುವಾಯಿತು. ಅವರ ಯಾತ್ರೆಗಳು ಅಲ್ಲಿಗೆ ಮುಗಿದವು. ಫ್ಯಾನಿಗೆ ಕಾಯಿಲೆ ಹಿಡಿಯಿತು. ದೀರ್ಘಕಾಲ ನರಳಿ 1925ರ ಜನವರಿ 22ರಂದು ಫ್ರಾನ್ಸಿನ ಕಾನ್‌ನಲ್ಲಿ ತೀರಿಕೊಂಡರು. ವಿಲ್‌ನಲ್ಲಿ ಅಮೆರಿಕದ ನಾಲ್ಕು ಮಹಿಳಾ ಕಾಲೇಜುಗಳಿಗೆ ಒಟ್ಟು 1,25,000 ಡಾಲರ್ ಬರೆದಿಟ್ಟಿದ್ದರು. ವಿಲಿಯಂ 1937ರಲ್ಲಿ ಹೋದರು. ವೂಸ್ಟರ್‌ನಲ್ಲಿ ಇಬ್ಬರಿಗೂ ಸೇರಿ ಒಂದೇ ಸ್ಮಾರಕ, ಹಿಮಾಲಯದ ಅನ್ವೇಷಕರು ಅಂತ ಬರೆದಿದೆ.

ಬೋರ್ಡಿಂಗ್ ಸ್ಕೂಲಿನಲ್ಲಿ ಬೆಳೆದ ರೇಚೆಲ್ ಏನಾದರು ಅಂತ ಕೇಳ್ತೀರಾ? ಅಪ್ಪ ಅಮ್ಮ ಭಾರತದಲ್ಲಿ ಸೈಕಲ್ ತುಳಿಯುವಾಗ ಅವರಿಗೆ ಹದಿಮೂರರಿಂದ ಹದಿನಾರು ವರ್ಷ. ಅವರು ಭೂವಿಜ್ಞಾನಿ ಆದರು. 1919ರಲ್ಲಿ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಮೊದಲ ಸಲ ಮಹಿಳೆಯರನ್ನು ಫೆಲೋ ಮಾಡಿಕೊಂಡಾಗ ಆ ಗುಂಪಿನಲ್ಲಿ ರೇಚೆಲ್ ಇದ್ದರು. ಮದುವೆಯಾದದ್ದು ಕಾನ್ಪುರದಲ್ಲಿ ಉಣ್ಣೆ ಮಿಲ್ ನಡೆಸುತ್ತಿದ್ದ ಅಲೆಕ್ಸಾಂಡರ್ ಮ್ಯಾಕ್‌ರಾಬರ್ಟ್ ಅವರನ್ನು. ಅವರ ಮೂವರು ಗಂಡುಮಕ್ಕಳೂ ಪೈಲಟ್‌ಗಳು. ಒಬ್ಬ 1938ರಲ್ಲಿ ವಿಮಾನ ಅಪಘಾತದಲ್ಲಿ, ಇನ್ನಿಬ್ಬರು 1941ರ ಯುದ್ಧದಲ್ಲಿ ಹೋದರು. ಆ ತಾಯಿ 25 ಸಾವಿರ ಪೌಂಡ್ ಕೊಟ್ಟು ವಾಯುಪಡೆಗೆ ಒಂದು ಬಾಂಬರ್ ವಿಮಾನ ಕೊಡಿಸಿದರು. ಮಗನ ಹೆಸರನ್ನು ಬೆಟ್ಟಕ್ಕೆ ಇಟ್ಟ ಅಮ್ಮನ ಮಗಳು ಅಂತ ಗೊತ್ತಾಗುತ್ತೆ.

ಇದನ್ನು ಬರೆದು ಮುಗಿಸುವ ಮೊದಲು ನನ್ನದೇ ಒಂದು ವಿಷಯ ಹೇಳಬೇಕು. ಹೋದ ವರ್ಷ ಮುಳ್ಳಯ್ಯನಗಿರಿ ಟ್ರೆಕ್ಕಿನ ವರದಿ ಇದೇ ಪತ್ರಿಕೆಗೆ ಬರೆದವನು ನಾನು. ಮೊನ್ನೆ ಅದನ್ನು ತೆಗೆದು ಓದಿದೆ. ನಮ್ಮ ಇಪ್ಪತ್ತಮೂರು ಜನರ ಹೆಸರೂ ಇದೆ, ಯಾರು ಯಾವ ಹಾಡು ಹೇಳಿದರು ಅನ್ನೋದೂ ಇದೆ. ಮಂಜು ಕವಿದು ದಾರಿ ಕಾಣದಾದಾಗ ಮುಂದೆ ನಡೆದು, ಕಾಲು ಉಳುಕಿದ ನಮ್ಮವನ ಬ್ಯಾಗನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಕೆಳಗೆ ಕರೆದುಕೊಂಡು ಬಂದವರು ಅಲ್ಲಿಯ ಊರಿನ ಒಬ್ಬ ಹಿರಿಯರು. ವರದಿಯಲ್ಲಿ ಅವರ ಬಗ್ಗೆ ಇರೋದು ಎರಡೇ ಪದ: ಲೋಕಲ್ ಗೈಡ್. ಫ್ಯಾನಿ ಬಗ್ಗೆ ಮೇಲೆ ಇಷ್ಟೆಲ್ಲ ಬರೆದ ನಾನು ಅವರ ಹೆಸರನ್ನೇ ಕೇಳಿರಲಿಲ್ಲ.

ಟ್ರೆಕ್ ಬುಕ್ ಮಾಡಿದ ಸೀನಿಯರ್ ಹತ್ತಿರ ಅವರ ಫೋನ್ ನಂಬರ್ ಇದೆಯಂತೆ. ಇವತ್ತು ಸಂಜೆ ಲ್ಯಾಬ್ ಮುಗಿದ ಮೇಲೆ ಫೋನ್ ಮಾಡ್ತೀನಿ. ಅವರು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಆ ವರದಿಯ ತಿದ್ದುಪಡಿ ಬರುತ್ತೆ, ಹೆಸರಿನ ಜೊತೆ.